ಮೊದಲ ಕಾದಂಬರಿಗೆ ಬಂದ ಉತ್ತರ



ತುಮಕೂರಿನಲ್ಲಿ ಪುಸ್ತಕ ಬಿಡುಗಡೆ ಇಲ್ಲದ ಭಾನುವಾರ ಕಡಿಮೆ. ಕನ್ನಡ ಭವನದಲ್ಲೋ, ಯಾವುದಾದರೂ ಕಾಲೇಜಿನ ಸಭಾಂಗಣದಲ್ಲೋ ಹತ್ತೂವರೆಗೆಂದು ಕರೆದು ಹನ್ನೊಂದೂವರೆಗೆ ಶುರು ಮಾಡುವ ಸಮಾರಂಭ. ಬಣ್ಣದ ಕಾಗದ ಬಿಚ್ಚುವುದು, ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಎಲ್ಲರೂ ಸಾಲಾಗಿ ನಿಲ್ಲುವುದು, ಫೋಟೋ. ಬಿಡುಗಡೆಯಾದದ್ದು ಕವನ ಸಂಕಲನವಾದರೆ ಬರೆದವರು ನಗುನಗುತ್ತಾ ಇರುತ್ತಾರೆ. ಕಾದಂಬರಿಯಾದರೆ, ಅದರಲ್ಲೂ ಮೊದಲ ಕಾದಂಬರಿಯಾದರೆ, ಮುಖದಲ್ಲಿ ಸಣ್ಣದೊಂದು ಅಳುಕು. ಯಾಕೆಂದರೆ ಮುಂದಿನ ಸಾಲಿನಲ್ಲಿ ಕುಳಿತ ನೆಂಟರಲ್ಲಿ ಒಂದಿಬ್ಬರು ಆ ಕಾದಂಬರಿಯ ಒಳಗೂ ಇರುತ್ತಾರೆ. ಅವರಿಗೆ ಅದು ಇನ್ನೂ ಗೊತ್ತಾಗಿರುವುದಿಲ್ಲ.

ಗೊತ್ತಾದ ಮೇಲೆ ಏನಾಗುತ್ತದೆ? ಇವತ್ತಿನ ಮಾತು ಅದರ ಬಗ್ಗೆ.

ನೋಡುವವರ ಉತ್ತರ ಹೇಗಿರುತ್ತದೆಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿನ ತುಂಬ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘದ ಊರು ನಮ್ಮದು. ಕಂಪನಿ ನಾಟಕದಲ್ಲಿ ಹಾಡು ಹಿಡಿಸಿದರೆ ‘ಒನ್ಸ್ ಮೋರ್’, ಹಿಡಿಸದಿದ್ದರೆ ಶಿಳ್ಳೆ. ಅಲ್ಲೇ, ಆಗಲೇ, ಮುಖಕ್ಕೆ ಹೊಡೆದ ಹಾಗೆ. ಹಿಂದಿನ ಸಾಲಿನ ನೆಲದ ಟಿಕೆಟ್ಟಿನವನು ಏನೆಂದುಕೊಂಡ ಎಂಬುದು ಪರದೆ ಬೀಳುವ ಮೊದಲೇ ನಟನಿಗೆ ತಿಳಿಯುತ್ತಿತ್ತು. ಕಾದಂಬರಿ ಬರೆದವರಿಗೆ ಆ ಭಾಗ್ಯವೂ ಇಲ್ಲ, ಆ ಶಿಕ್ಷೆಯೂ ಇಲ್ಲ. ಯಾರ ಮನೆಯಲ್ಲಿ, ಎಷ್ಟು ಹೊತ್ತಿನಲ್ಲಿ, ಯಾವ ಪುಟಕ್ಕೆ ಬಂದು ಪುಸ್ತಕ ಮಗುಚಿಟ್ಟರು ಎಂಬುದು ಅವರಿಗೆ ಕಾಣುವುದಿಲ್ಲ. ತಿಂಗಳ ಮೇಲೆ ಒಂದು ಕಾರ್ಡು ಬರುತ್ತಿತ್ತು. ಈಗ ಒಂದು ಫೋನು ಬಂದೀತು. ಬಹುಪಾಲು ಮೊದಲ ಕಾದಂಬರಿಗಳಿಗೆ ಅದೂ ಬರುವುದಿಲ್ಲ. ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ; ಅಟ್ಟದ ಮೇಲೆ ಕಟ್ಟು ಕಟ್ಟಿಟ್ಟ ಪ್ರತಿಗಳು ಮಾತ್ರ.

ಆದರೆ ಉತ್ತರ ಭೋರೆಂದು ಬಂದ ಮೊದಲ ಕಾದಂಬರಿಗಳೂ ಕನ್ನಡದಲ್ಲಿವೆ. ಅಂಥದೊಂದನ್ನು ಹಿಡಿದು ಮಾತಾಡೋಣ.

ಕುಣಿಗಲ್ಲಿನ ಮಗ್ಗುಲಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ನ್ನು ಹಿಡಿದು ಯಡಿಯೂರು, ಹಾಸನ, ಸಕಲೇಶಪುರ ದಾಟಿ ಘಟ್ಟ ಇಳಿದರೆ ಮಂಗಳೂರು. ಅಲ್ಲಿಂದ ತೆಂಕಲಿಗೆ ಕಾಸರಗೋಡು. ಅದರ ಪಕ್ಕದಲ್ಲೇ ಚಂದ್ರಗಿರಿ ಹೊಳೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಊರು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡ ಅಲ್ಲೇ ಉಳಿಯಿತು. ಆ ಊರಲ್ಲಿ 1936ರ ಜೂನ್ 30ರಂದು ವಕೀಲರೊಬ್ಬರ ಮಗಳಾಗಿ ಹುಟ್ಟಿದವರು ಸಾರಾ ಅಬೂಬಕ್ಕರ್. ಮನೆಯಲ್ಲಿ ಆಡುತ್ತಿದ್ದ ಮಾತು ಕನ್ನಡವಲ್ಲ. ಕನ್ನಡ ಬಂದದ್ದು ಶಾಲೆಯಿಂದ. ಆ ಕಡೆಯ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಕನ್ನಡ ಶಾಲೆಯ ಓದನ್ನು ಪೂರೈಸಿದ ಮೊದಮೊದಲಿನವರಲ್ಲಿ ಅವರೂ ಒಬ್ಬರು. ಕಾಲೇಜಿಗೆ ಹೋಗುವ ಆಸೆ ಇತ್ತು, ಸಮಾಜದ ಕಟ್ಟುಪಾಡು ಬಿಡಲಿಲ್ಲ. ಮದುವೆಯಾಯಿತು. ಯಜಮಾನರು ಎಂಜಿನಿಯರ್. ನಾಲ್ಕು ಗಂಡುಮಕ್ಕಳು.

ಇಲ್ಲೊಂದು ಸಂಗತಿಯನ್ನು ನಿಧಾನವಾಗಿ ಹೇಳಬೇಕು. ಈ ಹೆಣ್ಣುಮಗಳಿಗೆ ಗ್ರಂಥಾಲಯದ ಸದಸ್ಯತ್ವ ದೊರಕಿದ್ದು 1963ರಲ್ಲಿ. ಆಗ ಅವರಿಗೆ ಇಪ್ಪತ್ತೇಳು. ಓದಲು ಬರುತ್ತಿತ್ತು, ಓದುವ ಹಸಿವೂ ಇತ್ತು. ಪುಸ್ತಕ ಕೈಗೆ ಸಿಗುವ ದಾರಿ ಮಾತ್ರ ಅಷ್ಟು ವರ್ಷ ಮುಚ್ಚಿತ್ತು. ನಮ್ಮಲ್ಲಿ ಲೇಖಕರ ಪರಿಚಯ ಮಾಡಿಕೊಡುವಾಗ ಪ್ರಶಸ್ತಿಗಳ ಪಟ್ಟಿ ಓದುತ್ತೇವೆ. ನನ್ನನ್ನು ಕೇಳಿದರೆ ಸಾರಾ ಅವರ ಪರಿಚಯದಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದ ಇಸವಿ ಈ 1963.

1981ರಲ್ಲಿ, ಅಂದರೆ ನಲವತ್ತೈದರ ಹೊತ್ತಿಗೆ, ಅವರ ಬರಹ ಮೊದಲ ಬಾರಿಗೆ ‘ಲಂಕೇಶ್ ಪತ್ರಿಕೆ’ಯಲ್ಲಿ ಅಚ್ಚಾಯಿತು. ಅದು ಕೋಮು ಸೌಹಾರ್ದದ ಬಗ್ಗೆ ಬರೆದ ಲೇಖನ. ಆಮೇಲೆ ಅದೇ ಪತ್ರಿಕೆಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂತು, 1984ರಲ್ಲಿ ಪುಸ್ತಕವಾಯಿತು.

ಆ ಪತ್ರಿಕೆ ಹೇಗಿತ್ತೆಂಬುದು ನಮ್ಮ ವಯಸ್ಸಿನವರಿಗೆ ನೆನಪಿದೆ. 1980ರಲ್ಲಿ ಶುರುವಾದ ಕಪ್ಪು-ಬಿಳುಪಿನ ವಾರಪತ್ರಿಕೆ, ಜಾಹೀರಾತಿಲ್ಲ. ಗುಬ್ಬಿಯ ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯಲ್ಲಿ ದಾರಕ್ಕೆ ನೇತುಬಿದ್ದಿರುತ್ತಿತ್ತು. ಕ್ಷೌರದಂಗಡಿಯಲ್ಲಿ, ಹಾಸ್ಟೆಲ್ ರೂಮಿನಲ್ಲಿ ಕೈಯಿಂದ ಕೈಗೆ ಹೋಗಿ ಹಣ್ಣಾಗುತ್ತಿತ್ತು. ಜನ ಕೊಳ್ಳುತ್ತಿದ್ದದ್ದು ಮಂತ್ರಿಗಳ ಹಗರಣಕ್ಕೆ, ರಾಜಕೀಯಕ್ಕೆ, ಲಂಕೇಶರ ‘ಟೀಕೆ ಟಿಪ್ಪಣಿ’ಗೆ. ಹಾಗೆ ಕೊಂಡವರ ಕೈಗೆ, ಕೇಳದೆಯೇ, ಕಾಸರಗೋಡಿನ ಒಬ್ಬ ಹೆಣ್ಣುಮಗಳ ಕಥೆಯೂ ಬಂದು ಬಿತ್ತು. ಪುಸ್ತಕದಂಗಡಿಗೆ ಕಾಲಿಡದವರು, ಕಾದಂಬರಿ ಎಂದರೆ ಮೂಗು ಮುರಿಯುವ ಗಂಡಸರು ಅದನ್ನು ಓದಿದರು. ಮೊದಲ ಕಾದಂಬರಿಕಾರ್ತಿಗೆ ಇದಕ್ಕಿಂತ ದೊಡ್ಡ ಅದೃಷ್ಟ ಬೇಕೆ? ಪತ್ರಿಕೆಯ ಸಂಪಾದಕರು ಅಪರಿಚಿತ ಹೆಸರೊಂದನ್ನು ನಂಬಿ ಪುಟ ಬಿಟ್ಟುಕೊಟ್ಟದ್ದರಿಂದ ಆದದ್ದು ಇದು. ಇವತ್ತು ಧಾರಾವಾಹಿಗೆ ಪುಟ ಕೊಡುವ ಪತ್ರಿಕೆಗಳನ್ನು ಬೆರಳಲ್ಲಿ ಎಣಿಸಬಹುದು. ಅಷ್ಟರಮಟ್ಟಿಗೆ ಇಂದಿನ ಹೊಸಬರು ನಷ್ಟದಲ್ಲಿದ್ದಾರೆ.

ಕಥೆ ದೊಡ್ಡದಲ್ಲ. ನಾದಿರಾ ಎಂಬ ಹುಡುಗಿ. ಅವಳ ಗಂಡ ರಶೀದ. ಇಬ್ಬರ ನಡುವೆ ಜಗಳವಿಲ್ಲ, ಪ್ರೀತಿಯೇ ಇದೆ. ಅಳಿಯನ ಮೇಲೆ ಸಿಟ್ಟಾದ ಅಪ್ಪ ಮಗಳನ್ನು ತವರಲ್ಲೇ ಹಿಡಿದಿಟ್ಟುಕೊಳ್ಳುತ್ತಾನೆ. ಅವನ ಹಟಕ್ಕೆ ತಲಾಖ್ ಆಗಿಹೋಗುತ್ತದೆ. ಮುಂದೆ ಮತ್ತೆ ಗಂಡಹೆಂಡಿರು ಒಂದಾಗೋಣವೆಂದರೆ ಅಡ್ಡ ಬರುವುದು ಕಟ್ಟಳೆ: ಅವಳು ಬೇರೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಕಳೆದು, ಅವನಿಂದ ಬಿಡುಗಡೆ ಪಡೆದ ಮೇಲೆಯೇ ಮೊದಲ ಗಂಡನ ಮನೆಗೆ ಹೋಗಬಹುದು. ಕೊನೆಗೆ ಮಸೀದಿಯ ಕೊಳದಲ್ಲಿ ನಾದಿರಾಳ ಬದುಕು ಮುಗಿಯುತ್ತದೆ.

ಬರವಣಿಗೆಯಲ್ಲಿ ಅಲಂಕಾರವಿಲ್ಲ. ಎಲ್ಲೂ ಲೇಖಕಿ ಎದ್ದು ನಿಂತು ಭಾಷಣ ಬಿಗಿಯುವುದಿಲ್ಲ ಎನ್ನಲಾರೆ. ಒಂದೆರಡು ಕಡೆ ಮಾತು ಜಾಸ್ತಿಯಾಗಿದೆ ಅಂತ ನನಗನ್ನಿಸಿದೆ. ಆದರೆ ಗಂಡನ ಎದುರು ಬಾಯಿ ಬಿಡಲಾಗದ ತಾಯಿ, ತನ್ನ ಮಾತೇ ನಡೆಯಬೇಕೆಂಬ ತಂದೆ, ಇವರಿಬ್ಬರ ಮಧ್ಯೆ ಹೇಳಿದ್ದಕ್ಕೆ ತಲೆಯಾಡಿಸುತ್ತಾ ಬೆಳೆದ ಹುಡುಗಿ, ಈ ಮೂವರನ್ನು ನೋಡಲು ಚಂದ್ರಗಿರಿಯ ತನಕ ಹೋಗಬೇಕಾಗಿಲ್ಲ.

ಯಶಸ್ಸು ಬೇಗ ಬಂತು. 1984ರಲ್ಲೇ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ. ಮಲಯಾಳಂ, ತಮಿಳು ಮೊದಲಾದ ಭಾಷೆಗಳಿಗೆ ಅನುವಾದ. 2001ರಲ್ಲಿ ವನಮಾಲಾ ವಿಶ್ವನಾಥ ಅವರಿಂದ ಇಂಗ್ಲಿಷಿಗೆ, ‘ಬ್ರೇಕಿಂಗ್ ಟೈಸ್’ ಎಂಬ ಹೆಸರಲ್ಲಿ. ಬೈಗುಳವೂ ಬೇಗ ಬಂತು. ‘ನಮ್ಮವರ ಮಾನವನ್ನು ಬೀದಿಗೆ ತಂದಳು’ ಎಂಬ ಸಿಟ್ಟು. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ಅವರ ಮೇಲೆ ಕೈ ಮಾಡುವ ಪ್ರಯತ್ನವೇ ನಡೆಯಿತು. ಕಾಲವೂ ಕಾದಿತ್ತು: ಅದೇ 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇಂದೋರಿನ ಶಾಬಾನೊ ಎಂಬ ವೃದ್ಧೆಗೆ ಜೀವನಾಂಶ ಕೊಡಬೇಕೆಂದು ತೀರ್ಪಿತ್ತು, ದೇಶವೆಲ್ಲ ಗದ್ದಲವಾಗಿ, ಮಾರನೆಯ ವರ್ಷ ಸಂಸತ್ತು ಬೇರೆ ಕಾನೂನನ್ನೇ ತಂದಿತು. ಒಂದೇ ಉಸಿರಿಗೆ ಹೇಳುವ ತಲಾಖನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2017ರಲ್ಲಿ. ನಾದಿರಾ ಅಚ್ಚಿಗೆ ಬಂದು ಆಗ ಮೂವತ್ತು ವರ್ಷ ದಾಟಿತ್ತು.

ಈಗ ನಾನು ಹೇಳಬೇಕೆಂದುಕೊಂಡ ಮಾತಿಗೆ ಬರುತ್ತೇನೆ. ‘ಇದು ನನ್ನ ಕಥೆ’ ಎಂದು ಕಣ್ಣೊರೆಸಿಕೊಂಡ ಓದುಗರು, ‘ಇದು ನಮ್ಮ ಕಥೆಯನ್ನು ಊರಿಗೆ ಹೇಳುತ್ತಿದೆ’ ಎಂದು ಕೆರಳಿದವರು, ಇಬ್ಬರೂ ಓದಿದ್ದು ಒಂದೇ ಪುಟ. ಇಬ್ಬರಿಗೂ ಅದು ನಿಜವೆಂದು ಗೊತ್ತು. ಸುಳ್ಳೆಂದು ತಿಳಿದಿದ್ದರೆ ಸಿಟ್ಟು ಬರುತ್ತಲೇ ಇರಲಿಲ್ಲ, ನಕ್ಕು ಬಿಡುತ್ತಿದ್ದರು. ಹಾಗಾಗಿ ಈ ಎರಡೂ ಉತ್ತರಗಳು ಕಾದಂಬರಿ ಗುರಿ ಮುಟ್ಟಿದ್ದಕ್ಕೆ ಸಾಕ್ಷಿಯೇ. ನನಗೆ ಗುಮಾನಿ ಇರುವುದು ಮೂರನೆಯ ಬಗೆಯ ಓದುಗರ ಮೇಲೆ. ಅವರು ತುಮಕೂರಿನಲ್ಲೂ ಇದ್ದರು, ಈಗಲೂ ಇದ್ದಾರೆ. ಪುಸ್ತಕ ಮುಚ್ಚಿ, ಅಯ್ಯೋ ಪಾಪ ಎಂದು, ‘ಅವರಲ್ಲಿ ಹೀಗೇ ಕಣ್ರೀ’ ಎಂದು ಪಕ್ಕದವರಿಗೆ ಹೇಳಿ, ನೆಮ್ಮದಿಯಾಗಿ ಮಲಗಿದವರು. ಬೇರೆಯವರ ಮನೆಯ ಕೊಳಕನ್ನು ಕಂಡು ತಮ್ಮ ಮನೆ ಚೊಕ್ಕಟವಾಗಿದೆ ಎಂದುಕೊಂಡವರು. ತವರಿಗೆ ಬಂದ ಮಗಳನ್ನು ಹಟಕ್ಕೆ ಬಿದ್ದು ಗಂಡನ ಮನೆಗೆ ಕಳಿಸದ ಅಪ್ಪಂದಿರು ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ, ಎಲ್ಲ ಜಾತಿಗಳಲ್ಲಿ, ನಮ್ಮ ಕಣ್ಣೆದುರಿಗೇ ಇದ್ದಾರಲ್ಲ! ಸಾರಾ ಅವರನ್ನು ಹೊಗಳಿದ ಕೆಲವರ ಹೊಗಳಿಕೆಗಿಂತ ಬೈದವರ ಬೈಗುಳವೇ ಪ್ರಾಮಾಣಿಕವಾಗಿತ್ತು ಎಂದು ನಾನು ಅಂದುಕೊಂಡಿದ್ದೇನೆ.

ಇದು ಒಂದು ಸಮುದಾಯದ ಮಾತಲ್ಲ. 2002ರಲ್ಲಿ ತುಮಕೂರಿನಲ್ಲಿ 69ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಬಂದವರು ಯು.ಆರ್. ಅನಂತಮೂರ್ತಿ. ಅವರೂ ಮೊದಲ ಕಾದಂಬರಿಯಿಂದಲೇ ಬಿರುಗಾಳಿ ಎಬ್ಬಿಸಿದವರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರೆದ ‘ಸಂಸ್ಕಾರ’ 1965ರಲ್ಲಿ ಹೊರಬಂತು. ಅಗ್ರಹಾರದಲ್ಲಿ ಸತ್ತು ಬಿದ್ದ, ಆಚಾರ ತೊರೆದ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ. ಮಾಧ್ವ ಸಮುದಾಯದಲ್ಲಿ ಹಲವರು ಕೆರಳಿದರು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಅದನ್ನು ಸಿನಿಮಾ ಮಾಡಿದಾಗ ಮದ್ರಾಸಿನ ಸೆನ್ಸಾರಿನವರು ಮೊದಲು ತಡೆಹಿಡಿದರು. ಬಿಡುಗಡೆಯಾದ ಮೇಲೆ ಅದಕ್ಕೇ ರಾಷ್ಟ್ರಪತಿಗಳ ಚಿನ್ನದ ಪದಕ ಬಂತು. ಆ ಚಿತ್ರದಲ್ಲಿ ನಾರಣಪ್ಪನ ಪಾತ್ರ ಮಾಡಿದವರು ಯಾರು ಗೊತ್ತೆ? ಪಿ. ಲಂಕೇಶ್. ಹತ್ತು ವರ್ಷದ ಮೇಲೆ ಪತ್ರಿಕೆ ತೆಗೆದು ಸಾರಾ ಅವರ ಕಾದಂಬರಿಗೆ ಪುಟ ಕೊಟ್ಟ ಅದೇ ಲಂಕೇಶ್. ಮೊದಲ ಕಾದಂಬರಿಗೆ ಬೀಳುವ ಕಲ್ಲುಗಳು ಎಂಥವೆಂದು ಅವರಿಗೆ ಹತ್ತಿರದಿಂದ ಗೊತ್ತಿತ್ತು.

‘ಸಂಸ್ಕಾರ’ಕ್ಕೂ ಮೂರನೆಯ ಬಗೆಯ ಓದುಗರು ಸಿಕ್ಕರು. ಅಗ್ರಹಾರದ ಹೊರಗೆ ನಿಂತು, ಒಳಗಿನವರ ಪೇಚಾಟ ಕಂಡು ಖುಷಿಪಟ್ಟವರು ಕಡಿಮೆಯೇನಲ್ಲ. ದೂರದಿಂದಲೂ ಒಬ್ಬರು ಬಂದರು: ವಿ.ಎಸ್. ನೈಪಾಲ್. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಬಂದದ್ದು 1976ರಲ್ಲಿ. ಮಾರನೆಯ ವರ್ಷ ಪ್ರಕಟವಾದ ಭಾರತದ ಬಗೆಗಿನ ಪುಸ್ತಕದಲ್ಲಿ ನೈಪಾಲ್ ಈ ಕಾದಂಬರಿಯನ್ನು ಎತ್ತಿಕೊಂಡು ಹಿಂದೂ ಭಾರತದ ಮನಸ್ಸೇ ಹೀಗೆ ಎಂದು ತೀರ್ಮಾನಿಸಿದರು. ಹೆಣದ ಪ್ರಶ್ನೆಗೆ ಉತ್ತರ ಹುಡುಕುವ ಪಂಡಿತ ಪ್ರಾಣೇಶಾಚಾರ್ಯರೊಬ್ಬರ ಸಂಕಟ ಅವರ ಕೈಯಲ್ಲಿ ಇಡೀ ದೇಶದ ರೋಗಲಕ್ಷಣವಾಯಿತು. ನಾದಿರಾಳನ್ನು ಕಂಡು ‘ಅವರಲ್ಲಿ ಹೀಗೇ’ ಎಂದ ನಮ್ಮೂರಿನವರೂ, ಆಚಾರ್ಯರನ್ನು ಕಂಡು ‘ಇವರೆಲ್ಲ ಹೀಗೇ’ ಎಂದ ನೊಬೆಲ್ ಲೇಖಕರೂ ಮಾಡಿದ್ದು ಒಂದೇ ತಪ್ಪು.

ಕಥೆಯಲ್ಲಿ ಊರು ಹುಡುಕುವುದು ನಮ್ಮವರಿಗೂ ಅಭ್ಯಾಸ. ಭೈರಪ್ಪನವರ ‘ಗೃಹಭಂಗ’ ನಡೆಯುವುದು ತಿಪಟೂರು, ಚನ್ನರಾಯಪಟ್ಟಣದ ಸೀಮೆಯಲ್ಲಿ. ರಾಮಸಂದ್ರ ಎಂದರೆ ಯಾವ ಊರು, ನಂಜಮ್ಮ ಯಾರ ಮನೆಯವಳು ಎಂದು ಕೇಳದೆ ಅದನ್ನು ಓದಿದವರು ಈ ಕಡೆ ಇದ್ದಾರೆಯೇ? ಹುಡುಕಲಿ, ತಪ್ಪಿಲ್ಲ. ಹುಡುಕುವ ಚಟ ಇರುವವರು ಕಡೆಯ ಪಕ್ಷ ಪುಟ ಬಿಡದೆ ಓದುತ್ತಾರೆ.

ಮತ್ತೆ ಸಾರಾ ಅವರಿಗೆ ಬರೋಣ. ಮೊದಲ ಕಾದಂಬರಿ ಗೆದ್ದರೆ ಬರೆದವರ ಮುಂದೆ ಎರಡು ಹಳ್ಳ. ಹೊಗಳಿದವರು ಇನ್ನೊಂದು ಅಂಥದೇ ಬೇಕು ಎನ್ನುತ್ತಾರೆ. ಬೈದವರು ಇನ್ನು ಸಾಕು ಎನ್ನುತ್ತಾರೆ. ಹೊಗಳಿದವರ ಹಳ್ಳಕ್ಕೆ ಬಿದ್ದವರೇ ಹೆಚ್ಚು. ಸಾರಾ ಬರೆಯುತ್ತ ಹೋದರು: ‘ಸಹನಾ’, ‘ವಜ್ರಗಳು’, ‘ಕದನ ವಿರಾಮ’, ‘ಸುಳಿಯಲ್ಲಿ ಸಿಕ್ಕವರು’, ‘ತಳ ಒಡೆದ ದೋಣಿಯಲ್ಲಿ’, ‘ಪಂಜರ’, ಜೊತೆಗೆ ಕಥೆಗಳು, ಅನುವಾದಗಳು, ‘ಹೊತ್ತು ಕಂತುವ ಮುನ್ನ’ ಎಂಬ ಆತ್ಮಕಥೆ. ಎಲ್ಲವೂ ಮೊದಲನೆಯದರ ಎತ್ತರಕ್ಕೆ ಏರಿದವೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಹೆದರಿ ಕೈಬಿಟ್ಟ ಪುಸ್ತಕ ಇವುಗಳಲ್ಲಿ ಒಂದೂ ಇಲ್ಲ. ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಲು ಪ್ರಕಾಶನ ಶುರುಮಾಡಿದಾಗ ಅದಕ್ಕೂ ‘ಚಂದ್ರಗಿರಿ’ ಎಂದೇ ಹೆಸರಿಟ್ಟರು. ಕರಾವಳಿಯ ಲೇಖಕಿಯರ ಮತ್ತು ವಾಚಕಿಯರ ಸಂಘದ ಅಧ್ಯಕ್ಷರಾದರು. ಲೇಖಕಿಯರ ಜೊತೆಗೆ ವಾಚಕಿಯರನ್ನೂ ಸೇರಿಸಿಕೊಂಡ ಆ ಸಂಘದಂಥದ್ದು ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಇರಬೇಕಿತ್ತು.

ಕಾದಂಬರಿಗೆ ಇನ್ನೊಂದು ಬಗೆಯ ವಿಚಿತ್ರ ‘ಓದುಗ’ರೂ ಸಿಕ್ಕರು. 2011ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡ ‘ಬ್ಯಾರಿ’ ಸಿನಿಮಾ ತಮ್ಮ ಕಾದಂಬರಿಯನ್ನು ಕೇಳದೆ ಬಳಸಿಕೊಂಡಿದೆ ಎಂದು ಸಾರಾ ನ್ಯಾಯಾಲಯಕ್ಕೆ ಹೋದರು. ತೀರ್ಪು ಅವರ ಪರವಾಯಿತು. ಎಪ್ಪತ್ತು ದಾಟಿದ ಮೇಲೂ ನಾದಿರಾಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಹೆಂಗಸು. 2023ರ ಜನವರಿ 10ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಮಂಗಳೂರಿಗೆ ಹೋಗುವ ಅದೇ ಹೆದ್ದಾರಿಯಲ್ಲಿರುವ ಹಾಸನದಲ್ಲಿ ವಕೀಲಿಕೆ ಮಾಡುತ್ತಾ ಕಥೆ ಬರೆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮಲ್ಲಿ ಹಲವರು ಬೆರಗಾದರು. ಅವರೂ ‘ಲಂಕೇಶ್ ಪತ್ರಿಕೆ’ಗೆ ವರದಿ ಬರೆದವರು. ದಾರಿ ಮೊದಲೇ ಬಿದ್ದಿತ್ತು. ನಾವು ಗಮನಿಸಿರಲಿಲ್ಲ, ಅಷ್ಟೆ.

ಮೊದಲ ಕಾದಂಬರಿ ಎಂದೊಡನೆ ಇಪ್ಪತ್ತೈದರ ಹುಡುಗ ಎಂದುಕೊಳ್ಳಬೇಡಿ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂದಾಗ ಅವರಿಗೆ ನಲವತ್ತಾರು. ಬ್ಯಾಂಕಿನಲ್ಲಿದ್ದ ಶ್ರೀನಿವಾಸ ವೈದ್ಯರ ಮೊದಲ ಕಾದಂಬರಿ ‘ಹಳ್ಳ ಬಂತು ಹಳ್ಳ’ ಹೊರಬಂದಾಗ ಅವರು ಅರವತ್ತು ದಾಟಿದ್ದರು. ಅದಕ್ಕೇ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿವೃತ್ತರಾಗಿ, ಬೆಳಿಗ್ಗೆ ತುಮಕೂರಿನ ಅಮಾನಿಕೆರೆ ಸುತ್ತಿ ಬಂದು, ಪೇಪರ್ ಓದಿ, ಮುಂದೇನೆಂದು ಕುಳಿತ ಮೇಷ್ಟ್ರುಗಳು, ಗುಮಾಸ್ತರು, ನರ್ಸುಗಳು ದಯವಿಟ್ಟು ಕೇಳಿಸಿಕೊಳ್ಳಿ.

ಯುವಕರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆ ಇದೆ. ಮೊದಲ ಪುಸ್ತಕ ಅಚ್ಚು ಹಾಕಿಸಲು ಪ್ರೋತ್ಸಾಹಧನ ಕೊಡುತ್ತಾರೆ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನಗಳಲ್ಲಿ ಲೇಖಕರ ಮೊದಲ ಸ್ವತಂತ್ರ ಕೃತಿಗೆಂದೇ ಒಂದು ಬಹುಮಾನವಿದೆ. ಅಚ್ಚು ಈಗ ಕಷ್ಟವಲ್ಲ. ಕಷ್ಟ ಇರುವುದು ಓದಿಸುವುದರಲ್ಲಿ. ಪುಸ್ತಕ ಬಂದ ದಿನವೇ ಮುಖಪುಟದ ಫೋಟೋದ ಕೆಳಗೆ ‘ಅಭಿನಂದನೆಗಳು ಸರ್’, ‘ಶುಭವಾಗಲಿ ಮೇಡಂ’ ಎಂದು ವಾಟ್ಸಾಪ್ ಗುಂಪಿನಲ್ಲಿ ಹೂಗುಚ್ಛಗಳ ಸಾಲು. ಅವರಲ್ಲಿ ಪುಸ್ತಕ ಕೊಂಡವರು ಯಾರು, ಕೊಂಡವರಲ್ಲಿ ಓದಿದವರು ಯಾರು? ಹೊಸ ಲೇಖಕರಿಗೆ ನನ್ನದೊಂದು ಕಿವಿಮಾತು: ಮೊದಲ ವಾರದ ಹೂಗುಚ್ಛಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರು ತಿಂಗಳ ಮೇಲೆ ಯಾರೋ ಗುರುತಿಲ್ಲದವರು ಫೋನು ಮಾಡಿ ‘ನಿಮ್ಮ ಕಾದಂಬರಿಯಲ್ಲಿ ಆ ಚಿಕ್ಕಪ್ಪನ ಪಾತ್ರ ಸರಿಯಾಗಿಲ್ಲ ಕಣ್ರೀ’ ಎಂದು ಜಗಳಕ್ಕೆ ಬಂದರೆ, ಫೋನಿಡದೆ ಕೇಳಿಸಿಕೊಳ್ಳಿ. ಆತ ಓದಿದ್ದಾನೆ.

ಕೇಳುಗರಲ್ಲೂ ಒಂದು ಮನವಿ. ಈ ವಾರ ಗುಬ್ಬಿಯದೋ, ಕುಣಿಗಲ್ಲಿನದೋ, ತುಮಕೂರಿನದೋ, ನಿಮ್ಮ ಹತ್ತಿರದ ಗ್ರಂಥಾಲಯಕ್ಕೆ ಹೋಗಿ ‘ಚಂದ್ರಗಿರಿಯ ತೀರದಲ್ಲಿ’ ಕೇಳಿ. ಇಲ್ಲವೆಂದರೆ ತರಿಸಿಕೊಡಿ ಎಂದು ಬರೆದುಕೊಡಿ. ಅದರ ಜೊತೆಗೆ ನಮ್ಮ ಜಿಲ್ಲೆಯವರು ಬರೆದ ಮೊದಲ ಕಾದಂಬರಿ ಒಂದನ್ನು, ಯಾರದಾದರೂ ಸರಿ, ಮನೆಗೆ ತನ್ನಿ. ಕೊನೆಯ ಪುಟದ ತನಕ ಓದಿ. ಹಿಡಿಸಿದರೆ ಯಾಕೆ ಹಿಡಿಸಿತು, ಹಿಡಿಸದಿದ್ದರೆ ಎಲ್ಲಿ ಹಿಡಿಸಲಿಲ್ಲ ಎಂದು ಬರೆದವರಿಗೆ ನಾಲ್ಕು ಸಾಲು ಬರೆಯಿರಿ. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಅವರ ಹೆಸರಿನಲ್ಲಿ ಗ್ರಂಥಾಲಯದ ಕಾರ್ಡು ಮಾಡಿಸಿಕೊಡಿ.